ರೆಪ್ಪೆಯ ಗಡ್ಡೆ ತೆಗೆದ ಮೇಲೆ ಹೊಸ ರೆಪ್ಪೆ ಹೇಗೆ ಕಟ್ಟುತ್ತಾರೆ?

ಡೊಂಬಿವಲಿಯಲ್ಲಿರುವ ನಿಮ್ಮ ಅಮ್ಮನ ಕೆಳರೆಪ್ಪೆಯಲ್ಲಿ ಕ್ಯಾನ್ಸರ್ ಗಡ್ಡೆ, ಅರ್ಧಕ್ಕಿಂತ ಜಾಸ್ತಿ ರೆಪ್ಪೆ ತೆಗೆಯಬೇಕಂತೆ, ಆಮೇಲೆ ಕಣ್ಣಿನ ಗತಿ ಏನು ಅಂತ ಕೇಳಿದ್ದೀರಿ.

ರೆಪ್ಪೆ ಅಂದರೆ ಬರೀ ಚರ್ಮ ಅಲ್ಲ. ಹೊರಗೆ ಚರ್ಮ, ಸ್ನಾಯು. ಒಳಗೆ ಟಾರ್ಸಸ್ ಎಂಬ ಗಟ್ಟಿ ಪಟ್ಟಿ, ಕಣ್ಣಿಗೆ ತಾಗುವ ತೇವದ ಪೊರೆ. ಲೈನಿಂಗ್ ಹಾಕಿದ ಕೋಟಿನ ಹಾಗೆ. ಎರಡೂ ಪದರ ಕಟ್ಟಬೇಕು, ಒಂದಕ್ಕಾದರೂ ಸ್ವಂತ ರಕ್ತ ಸಂಚಾರ ಇರಬೇಕು. ಎರಡೂ ಕಡೆ ಬರೀ ಕಸಿ, ಅಂದರೆ ಬೇರೆ ಕಡೆಯಿಂದ ಪೂರ್ತಿ ಕತ್ತರಿಸಿ ತಂದ ತುಂಡು, ಇಟ್ಟರೆ ಒಣಗಿಹೋಗುತ್ತದೆ.

ಕಾಲು ಭಾಗ ಹೋದರೆ ನೇರ ಹೊಲಿಗೆ ಸಾಕು. ವಯಸ್ಸಾದವರ ರೆಪ್ಪೆ ಸಡಿಲ, ಇನ್ನೂ ಸ್ವಲ್ಪ ಜಾಸ್ತಿ ಹೋದರೂ ನಡೆಯುತ್ತದೆ. ಅರ್ಧ ದಾಟಿದರೆ ಸಾಮಾನ್ಯವಾಗಿ ಹ್ಯೂಸ್ ಫ್ಲ್ಯಾಪ್. ವೆಂಡೆಲ್ ಹ್ಯೂಸ್ 1937ರಲ್ಲಿ ವಿವರಿಸಿದ ವಿಧಾನ. ಮೇಲ್ರೆಪ್ಪೆಯ ಒಳಪದರದ ಒಂದು ಪಟ್ಟಿಯನ್ನು, ಬುಡ ಕತ್ತರಿಸದೆ, ಕೆಳಕ್ಕೆ ಎಳೆದು ಹೊಲಿಯುತ್ತಾರೆ. ಅದರ ಹೊರಗೆ ಬೇಕಾದ ಚರ್ಮವನ್ನು ಕಿವಿಯ ಹಿಂದಿನಿಂದ ತೆಗೆದು ಹಚ್ಚಬಹುದು. ಕೆಲವು ವಾರ ಆ ಕಣ್ಣು ಮುಚ್ಚಿಯೇ ಇರುತ್ತದೆ. ಆಮೇಲೆ ಚಿಕ್ಕ ಆಪರೇಷನ್ ಮಾಡಿ ಬಿಡಿಸುತ್ತಾರೆ. ಅಲ್ಲಿಯವರೆಗೆ ಲೋಕಲ್ ಟ್ರೇನಿನ ನೂಕುನುಗ್ಗಲು ಬೇಡವೇ ಬೇಡ.

ಇನ್ನೊಂದು ಕಣ್ಣು ಮೊದಲೇ ಮಂಜಾಗಿದೆಯಾ? ಡಾಕ್ಟರಿಗೆ ಈಗಲೇ ಹೇಳಿ, ಕಣ್ಣು ಮುಚ್ಚದ ಬೇರೆ ವಿಧಾನಗಳಿವೆ. ಹೊಸ ರೆಪ್ಪೆಗೆ ಕೂದಲು ಬರುವುದಿಲ್ಲ, ಅದು ನಿಜ.

ನನ್ನ ಪ್ರಕಾರ ಅಂದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ರೆಪ್ಪೆ ಕಟ್ಟುವ ಮೊದಲು, ಕತ್ತರಿಸಿದ ಅಂಚಿನಲ್ಲಿ ಗಡ್ಡೆ ಉಳಿದಿಲ್ಲ ಅಂತ ಪರೀಕ್ಷೆ ಮಾಡುತ್ತಾರಾ? ಕೇಳಿ. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಇನ್ನೊಂದು ಅಭಿಪ್ರಾಯ ಕೇಳುವುದಾದರೆ ಸುಮ್ನೆ ರಿಪೋರ್ಟ್ ಮಾತ್ರ ಅಲ್ಲ, ಬಯಾಪ್ಸಿಯ ಗಾಜಿನ ಸ್ಲೈಡ್, ಬ್ಲಾಕ್ (ಮೇಣದಲ್ಲಿಟ್ಟ ಗಡ್ಡೆಯ ತುಂಡು) ಕೂಡ ಒಯ್ಯಿರಿ.