ತಂತ್ರಜ್ಞಾನ ಬಂದ ಮೇಲೆ ಸಣ್ಣ ಊರಿನ ಹಾಡುಗಾರರಿಗೆ ಸಿಕ್ಕಿದ್ದೇನು?

ತಂತ್ರಜ್ಞಾನದಿಂದ ಸಂಗೀತ ಉದ್ಯಮ ಹೇಗೆ ಬದಲಾಯಿತು, ನಮ್ಮ ಕಡೆಯ ಹಾಡುಗಾರರಿಗೆ ಅದರಿಂದ ಲಾಭವಾಯಿತೋ ನಷ್ಟವೋ ಎಂದು ಕೇಳಿದ್ದೀರಿ. ನಾನು ಕೊಪ್ಪಳದಲ್ಲಿ ಸಣ್ಣದೊಂದು ರೆಕಾರ್ಡಿಂಗ್ ಸ್ಟುಡಿಯೋ ನಡೆಸುತ್ತೇನೆ. ಅದಕ್ಕೂ ಮುಂಚೆ ಕ್ಯಾಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಭಜನಾ ಮೇಳದವರು, ತತ್ವಪದದವರು, ಮೊಹರಂ ಹತ್ತಿರ ಬಂದಾಗ ರಿವಾಯತ್ ಪದ ಹಾಡುವವರು ನನ್ನಲ್ಲಿಗೆ ಬರುತ್ತಾರೆ. ಸಿನಿಮಾ ಸಂಗೀತದ ಲೆಕ್ಕ ಬೇರೆಯೇ ಇದೆ, ಅದನ್ನು ಬಲ್ಲವರು ಹೇಳಲಿ. ನಾನು ಇವರ ಪಾಡನ್ನು ಹೇಳುತ್ತೇನೆ.

ಹಾಡನ್ನು ರೆಕಾರ್ಡ್ ಮಾಡುವುದು ಅಗ್ಗವಾಗಿದೆ, ಜನರಿಗೆ ಮುಟ್ಟಿಸುವುದು ಸುಲಭವಾಗಿದೆ. ಆದರೆ ದುಡ್ಡು ಯಾರ ಹೆಸರಲ್ಲಿ ಹಾಡು ಅಪ್‌ಲೋಡ್ ಆಗಿದೆಯೋ ಅವರಿಗೆ ಹೋಗುತ್ತದೆ. ಹಾಡಿದವರ ಹೆಸರು ಅಲ್ಲಿ ಇರಲೇಬೇಕೆಂದೇನೂ ಇಲ್ಲ. ಇದೇ ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಸಂಗತಿ.

ಹಿಂದಿನವರು ಹೆಸರನ್ನು ಹಾಡಿನ ಒಳಗೇ ಇಡುತ್ತಿದ್ದರು. ರಾಯಚೂರು ಸೀಮೆಯ ದಾಸರನ್ನೇ ನೋಡಿ. ಮಾನ್ವಿಯ ಜಗನ್ನಾಥದಾಸರ ಪದದ ಕೊನೆಗೆ ‘ಜಗನ್ನಾಥವಿಠಲ’ ಬರುತ್ತದೆ, ವಿಜಯದಾಸರದರಲ್ಲಿ ‘ವಿಜಯವಿಠಲ’. ಎರಡೂವರೆ ಶತಮಾನ ಕಳೆದರೂ ಯಾರ ಪದ ಎಂದು ಯಾರೂ ಜಗಳವಾಡಬೇಕಿಲ್ಲ. 1902ರಲ್ಲಿ ಕಲ್ಕತ್ತದಲ್ಲಿ ಗ್ರಾಮೊಫೋನ್ ಕಂಪನಿಗೆ ಹಾಡಿದ ಗೌಹರ್ ಜಾನ್ ಕೂಡ ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿನವರಿಗೆ ಇದು ಯಾರ ಧ್ವನಿ ಎಂದು ಗೊತ್ತಾಗಬೇಕಿತ್ತಲ್ಲ.

ಆ ಪ್ಲೇಟಿನ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಹಾಡುತ್ತಿದ್ದ ರಾಗವನ್ನು ಮೂರು ನಿಮಿಷಕ್ಕೆ ಇಳಿಸಬೇಕಾಯಿತು. ನಮ್ಮ ಭಾಗದ ಹಾಡುಗಳು ಈ ಅಳತೆಗೆ ಎಂದೂ ಒಗ್ಗಿದವಲ್ಲ. ಬಳ್ಳಾರಿ ಸೀಮೆಯ ದರೋಜಿ ಈರಮ್ಮನವರು ಅಕ್ಷರ ಕಲಿತವರಲ್ಲ. ಬುರ್ರಕಥೆಯ ದೊಡ್ಡ ದೊಡ್ಡ ಕಾವ್ಯಗಳನ್ನು ನೆನಪಿನಿಂದಲೇ ರಾತ್ರಿಗಟ್ಟಲೆ ಹಾಡುತ್ತಿದ್ದರು. ಅಂಥದ್ದನ್ನು ಯಾವ ಪ್ಲೇಟಿಗೆ ತುಂಬುತ್ತೀರಿ? ಬಯಲಾಟವಂತೂ ಬೆಳಗಿನ ಜಾವದವರೆಗೂ ನಡೆಯುತ್ತದೆ.

ನನ್ನ ಪ್ರಕಾರ ನಮ್ಮ ಹಾಡುಗಳಿಗೆ ಮೊದಲ ನಿಜವಾದ ನೆರವು ಸಿಕ್ಕಿದ್ದು ಕ್ಯಾಸೆಟ್ಟಿನಿಂದ. 1963ರಲ್ಲಿ ಫಿಲಿಪ್ಸ್ ಅದನ್ನು ತಂದಿತಾದರೂ ಹಳ್ಳಿಯ ಮನೆ, ಚಹಾದಂಗಡಿ, ಟ್ರ್ಯಾಕ್ಟರು ಸೇರುವ ಹೊತ್ತಿಗೆ ಎಂಬತ್ತು, ತೊಂಬತ್ತರ ದಶಕ ಬಂದಿತ್ತು. ಒಂದು ಬದಿಗೆ ಅರ್ಧ ಗಂಟೆ. ಎರಡು ಮೇಳಗಳ ಸವಾಲ್-ಜವಾಬ್ ಅದರಲ್ಲಿ ಹಿಡಿಯುತ್ತಿತ್ತು, ಕರ್ಬಲಾದ ಕಥೆ ಹೇಳುವ ರಿವಾಯತ್ ಪದ ಪೂರ್ತಿ ಹಿಡಿಯುತ್ತಿತ್ತು. ಟೂ-ಇನ್-ಒನ್ (ರೇಡಿಯೋ, ಟೇಪ್ ಎರಡೂ ಇರುವ ಪೆಟ್ಟಿಗೆ) ಇದ್ದವರು ಮೇಳದ ಮುಂದೆ ಅದನ್ನಿಟ್ಟು ತಾವೇ ತುಂಬಿಕೊಳ್ಳುತ್ತಿದ್ದರು. ಮುದಗಲ್ ಮೊಹರಂಗೆ ಹೋದವರು ಅಲ್ಲಿ ಕೇಳಿದ ಪದದ ಕ್ಯಾಸೆಟ್ ಬೇಕೆಂದು ನಮ್ಮ ಅಂಗಡಿಗೆ ಬರುತ್ತಿದ್ದರು. ಹಾಡಿದವರಿಗೆ ಒಂದೇ ಸಲ ಒಂದಿಷ್ಟು ದುಡ್ಡು, ಅಷ್ಟೇ. ಎಷ್ಟು ಮಾರಾಟವಾದರೂ ಮತ್ತೆ ಕೇಳುವಂತಿರಲಿಲ್ಲ. ಆದರೂ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಮೇಳದ ಹೆಸರು, ಊರಿನ ಹೆಸರು, ಎಷ್ಟೋ ಸಲ ಫೋಟೋ ಕೂಡ ಇರುತ್ತಿತ್ತು. ಅದನ್ನು ನೋಡಿಯೇ ಜನ ಜಾತ್ರೆಗೆ ಕರೆಸುತ್ತಿದ್ದರು. ಹೊಟ್ಟೆ ತುಂಬುತ್ತಿದ್ದದ್ದು ಆ ಕರೆಯಿಂದ.

ಆ ಹೊದಿಕೆಯನ್ನು ಕಿತ್ತು ಹಾಕಿದ್ದು ಎಂಪಿತ್ರೀ ಫೈಲು ಮತ್ತು ಮೊಬೈಲಿನ ಮೆಮೊರಿ ಕಾರ್ಡು. ಮೊಬೈಲ್ ಅಂಗಡಿಗೆ ಹೋಗಿ ಒಂದಿಷ್ಟು ದುಡ್ಡು ಕೊಟ್ಟರೆ ನೂರಾರು ಹಾಡು ತುಂಬಿ ಕೊಡುತ್ತಿದ್ದರು. ಫೈಲಿನ ಹೆಸರು ‘ಟ್ರ್ಯಾಕ್ 07’. ಯಾರು ಹಾಡಿದ್ದು, ಯಾವ ಊರವರು, ಏನೂ ಇಲ್ಲ. ಆ ಕಾಲದಲ್ಲಿ ಧ್ವನಿ ಊರೂರು ಸುತ್ತಿತು, ಧ್ವನಿಯ ಒಡೆಯ ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಿನ ಕಥೆ ನಿಮಗೂ ಗೊತ್ತು. ಇದರಲ್ಲಿ ಒಳ್ಳೆಯದು ಬಹಳ ಇದೆ, ಅದನ್ನು ಮನಸ್ಸು ಬಿಚ್ಚಿ ಹೇಳಬೇಕು. ಇಡೀ ರಾತ್ರಿಯ ಬಯಲಾಟ ಈಗ ಯೂಟ್ಯೂಬಿನಲ್ಲಿ ಪೂರ್ತಿ ಸಿಗುತ್ತದೆ. ಪ್ಲೇಟಿಗಾಗಲೀ ಕ್ಯಾಸೆಟ್ಟಿಗಾಗಲೀ ಸಾಧ್ಯವಾಗದ್ದು ಇದು. ದುಡಿಯಲು ಬೆಂಗಳೂರಿಗೋ ಪುಣೆಗೋ ಹೋದವರು ತಮ್ಮೂರಿನ ಭಜನೆಯನ್ನು ಅಲ್ಲಿಂದಲೇ ಕೇಳುತ್ತಾರೆ. ತಂಬೂರಿ ಕೊಳ್ಳಲಾಗದ ಹುಡುಗಿ ಫೋನಿನ ತಂಬೂರಿಗೆ ಶ್ರುತಿ ಸೇರಿಸಿ ಹಾಡುವುದನ್ನು ನಾನೇ ನೋಡುತ್ತಿರುತ್ತೇನೆ.

ಜೊತೆಗೇ ಯೂಟ್ಯೂಬಿನ ಚಿಕ್ಕ ವಿಡಿಯೋಗಳಾದ ಶಾರ್ಟ್ಸ್ ಬಂತು. ಮೊದಲು ಒಂದು ನಿಮಿಷ ಇತ್ತು, 2024ರ ಅಕ್ಟೋಬರಿನಿಂದ ಮೂರು ನಿಮಿಷ ಮಾಡಿದ್ದಾರೆ, ಅಂದರೆ ಹೆಚ್ಚುಕಮ್ಮಿ ಗೌಹರ್ ಜಾನ್ ಕಾಲದ ಪ್ಲೇಟಿನಷ್ಟೇ. ತತ್ವಪದವನ್ನು ಅದಕ್ಕೆ ಕತ್ತರಿಸುವವರು ಪಲ್ಲವಿ ಇಟ್ಟುಕೊಂಡು, ಒಂದು ನುಡಿ ಹಾಡಿಸಿ ನಿಲ್ಲಿಸಿಬಿಡುತ್ತಾರೆ. ಅಂಕಿತ ಇರುವುದು ಕೊನೆಯ ನುಡಿಯಲ್ಲಿ. ಪದ ಕಟ್ಟಿದವರು ತಮ್ಮ ಹೆಸರನ್ನು ಎಲ್ಲಿ ಭದ್ರವಾಗಿ ಇಟ್ಟಿದ್ದರೋ ಸರಿಯಾಗಿ ಅದೇ ಜಾಗಕ್ಕೆ ಕತ್ತರಿ ಬೀಳುತ್ತಿದೆ. ಕೆಳಗೆ ‘ಸೂಪರ್ ಜಾನಪದ ಹಾಡು’ ಎಂದಷ್ಟೇ ಬರೆದಿರುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನು ದುಡ್ಡಿನ ವಿಷಯ. ಚಾನೆಲ್ಲಿಗೆ ಸಾವಿರ ಚಂದಾದಾರರು, ಒಂದು ವರ್ಷದಲ್ಲಿ ನಾಲ್ಕು ಸಾವಿರ ಗಂಟೆ ವೀಕ್ಷಣೆ ಆದ ಮೇಲೆ ಯೂಟ್ಯೂಬ್ ಜಾಹೀರಾತಿನ ಪಾಲು ಕೊಡುತ್ತದೆ. ಉದ್ದದ ವಿಡಿಯೋಗಳಲ್ಲಿ ಅದು ಶೇ. 55. ಅದು ಹೋಗುವುದು ಚಾನೆಲ್ ಮಾಲೀಕರಿಗೆ. ಜಾತ್ರೆಯಲ್ಲಿ ಫೋನ್ ಹಿಡಿದು ನಿಂತವರಿಗೆ ಪಾಲು ಬರುತ್ತದೆ, ಗಂಟಲು ಕಟ್ಟುವವರೆಗೆ ಹಾಡಿದ ಮೇಳಕ್ಕೆ ಬರುವುದಿಲ್ಲ. ಹಳೆಯ ಧಾಟಿಯ ಪದವೊಂದನ್ನು ನನ್ನ ಸ್ಟುಡಿಯೋದಲ್ಲೇ ಹಾಡಿಸಿ ಮೇಳದ ಚಾನೆಲ್ಲಿಗೆ ಹಾಕಿದಾಗ, ಒಂದು ಕಂಪನಿ ಅದು ತನ್ನದೆಂದು ಕ್ಲೇಮ್ ಹಾಕಿತ್ತು. ಯೂಟ್ಯೂಬಿನ ಯಂತ್ರ ಧ್ವನಿ ಹೋಲಿಸಿ ನೋಡುತ್ತದೆ, ಪದ ಯಾರ ಆಸ್ತಿ ಎಂದು ಅದಕ್ಕೆ ತಿಳಿಯದು. ತಕರಾರು ಸಲ್ಲಿಸಿದರೆ ಕಂಪನಿಗೆ ಉತ್ತರಿಸಲು ಮೂವತ್ತು ದಿನ ಇರುತ್ತದೆ. ನಮ್ಮಲ್ಲಿ ಮೂಲ ರೆಕಾರ್ಡಿಂಗ್ ಇದ್ದುದರಿಂದ ಬಚಾವಾದೆವು.

ಜಾತ್ರೆಯಲ್ಲಿ ಡೊಳ್ಳು, ಹಲಗೆ, ಸನಾದಿಯವರ ಜಾಗಕ್ಕೆ ಡಿಜೆ ಬಂದು ಕೂತದ್ದು ನೇರ ನಷ್ಟ. ಅದನ್ನು ಯಾವ ವೀಕ್ಷಣೆಯೂ ತುಂಬಿಕೊಟ್ಟಿಲ್ಲ.

ನೀವೂ ಹಾಡುವವರಾಗಿದ್ದರೆ ಇಷ್ಟು ಮಾಡಿ. ಮೇಳದ ಹೆಸರಲ್ಲೇ ಚಾನೆಲ್ ತೆರೆಯಿರಿ, ಪಾಸ್‌ವರ್ಡ್ ಮೇಳದವರ ಕೈಯಲ್ಲೇ ಇರಲಿ. ರೆಕಾರ್ಡಿಂಗ್ ಶುರುವಾಗುವಾಗ ಮೇಳ, ಊರು, ಪದ ಕಟ್ಟಿದವರ ಹೆಸರನ್ನು ಬಾಯಿಂದಲೇ ಹೇಳಿ. ಕತ್ತರಿಸುವುದಾದರೆ ಅಂಕಿತದ ನುಡಿಯನ್ನು ಉಳಿಸಿಕೊಂಡು ಕತ್ತರಿಸಲು ಹೇಳಿ. ಹಳೆಯ ಧಾಟಿಗೆ ನೀವೇ ಹೊಸ ಪದ ಬರೆದಿದ್ದರೆ ಆ ಸಾಹಿತ್ಯ ನಿಮ್ಮದು. 2012ರ ಕಾಪಿರೈಟ್ ತಿದ್ದುಪಡಿ ಸಾಹಿತ್ಯ ಬರೆದವರ, ಸಂಗೀತ ಕಟ್ಟಿದವರ ರಾಯಲ್ಟಿ ಪಾಲನ್ನು ಕಾಪಾಡುತ್ತದೆ, ಅವರ ಪರವಾಗಿ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯತ್ವಕ್ಕೂ ಅರ್ಜಿ ಹಾಕಬಹುದು. ಹಾಡುವವರಿಗೂ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ನಿಮ್ಮ ಒಪ್ಪಿಗೆ ಕೇಳದೆ ಯಾರಾದರೂ ನಿಮ್ಮ ಹಾಡನ್ನು ಹಾಕಿದ್ದರೆ ಮೊದಲು ಮಾತಾಡಿ, ಹೆಸರು ಸೇರಿಸಲು, ಪಾಲು ಕೊಡಲು ಕೇಳಿ. ಒಪ್ಪದಿದ್ದರೆ ಯೂಟ್ಯೂಬಿಗೆ ದೂರು ಕೊಡಿ. ನಿಮ್ಮದು ಯಾವ ಬಗೆಯ ಹಾಡು ಎಂದು ತಿಳಿಸಿದರೆ, ದೂರಿನಲ್ಲಿ ಏನೇನು ಬರೆಯಬೇಕೆಂದು ಹೇಳಿಕೊಡುತ್ತೇನೆ.