ಯೂನಿವರ್ಸಿಟಿ ಲ್ಯಾಬ್ ಕಂಪ್ಯೂಟರನ್ನು ಮನೆಯಿಂದ ಬಳಸಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಶಿರಾದಿಂದ ತುಮಕೂರಿಗೆ ದಿನಾ ಓಡಾಡಲು ಆಗುತ್ತಿಲ್ಲ, ಎನಿಡೆಸ್ಕ್ ಹಾಕಲಾ, ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಲಾ, ನನ್ನ ಲ್ಯಾಪ್‌ಟಾಪಿನಲ್ಲಿ ಇರೋದು ವಿಂಡೋಸ್ ಹೋಮ್ ಅಂತ ಕೇಳಿದ್ದೀರಿ. ಶಿರಾ ಹೈವೇ ಮೇಲಿನ ಊರು, ನೀವು ಪುಣ್ಯವಂತರು. ನಾನು ಪಾವಗಡದವನು.

ತುಮಕೂರಿನಿಂದ ನಮ್ಮೂರಿಗೆ ಹೆಚ್ಚುಕಡಿಮೆ ನೂರು ಕಿಲೋಮೀಟರ್. ಕೊರಟಗೆರೆ, ಮಧುಗಿರಿ ದಾಟಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಮೂರು ಗಂಟೆ ಹೋಗಿರುತ್ತದೆ. ನಾನು ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ, 2022ರಲ್ಲಿ, ನನಗೂ ನಿಮ್ಮದೇ ಯೋಚನೆ ಬಂತು. ಲೆಕ್ಕ ಹಾಕುವ ಸಾಫ್ಟ್‌ವೇರಿನ ಲೈಸೆನ್ಸ್ ಲ್ಯಾಬಿನ ಒಂದೇ ಮಷೀನಿಗೆ ಇತ್ತು. ಒಂದು ಲೆಕ್ಕ ಮುಗಿಯಲು ಐದಾರು ದಿನ ಬೇಕು. ಓಡುತ್ತಿದೆಯೋ ನಿಂತಿದೆಯೋ ಅಂತ ನೋಡಲು ಅಷ್ಟು ದೂರ ಹೋಗಿ ಕೂರಬೇಕಾ? ಹದಿನೈದು ದಿನ ಯೂಟ್ಯೂಬ್ ನೋಡಿ ಸಾಫ್ಟ್‌ವೇರ್‌ಗಳನ್ನು ಹೋಲಿಸಿದೆ. ಯಾವುದು ಫಾಸ್ಟ್, ಯಾವುದು ಫ್ರೀ, ಯಾವುದರಲ್ಲಿ ಬಣ್ಣ ಚೆನ್ನಾಗಿ ಬರುತ್ತದೆ. ಕೊನೆಗೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿ, ಆರಂಕಿಯ ಪಿನ್ ಇಟ್ಟು, ದೊಡ್ಡ ಸಾಧನೆ ಮಾಡಿದವನಂತೆ ಊರಿಗೆ ಬಂದೆ.

ಐದು ದಿನ ಸೊಗಸಾಗಿ ನಡೆಯಿತು. ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದು, ಲ್ಯಾಬಿನ ಪರದೆ ನೋಡುತ್ತಿದ್ದೆ. ಆರನೇ ದಿನ ಶುಕ್ರವಾರ. ಏಪ್ರಿಲ್ ಕೊನೆ. ತುಮಕೂರಿನಲ್ಲಿ ಸಂಜೆ ಗಾಳಿಮಳೆ, ಕರೆಂಟ್ ಹೋಯಿತು. ಅರ್ಧ ಗಂಟೆಗೆ ಬಂತಂತೆ. ಆದರೆ ನನ್ನ ಮಷೀನ್ ಮಾತ್ರ ಆಫ್‌ಲೈನ್.

ಯುಪಿಎಸ್ ಇರಲಿಲ್ವಾ ಅಂತೀರಿ. ಇತ್ತು. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಅದರ ಮೇಲೆ ಯಾರೋ ರೆಕಾರ್ಡ್ ಬುಕ್‌ಗಳನ್ನು ಜೋಡಿಸಿಟ್ಟಿದ್ದರು. ಮಷೀನಿನ ವೈರು ನೇರ ಗೋಡೆಯ ಪ್ಲಗ್ಗಿಗೆ. (ನಮ್ಮ ತಾಲ್ಲೂಕಿನ ಸೋಲಾರ್ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ನನ್ನ ಥೀಸಿಸ್ ನಿಂತಿದ್ದು ಅರ್ಧ ಗಂಟೆಯ ಕರೆಂಟಿಗೆ.)

ಲ್ಯಾಬಿನ ಬೀಗದ ಕೈ ಅಟೆಂಡರ್ ಹತ್ತಿರ. ಅವರು ಕುಣಿಗಲ್ ಕಡೆ ಮದುವೆಗೆ ಹೋಗಿದ್ದರು, ಬರುವುದು ಸೋಮವಾರ. ಇನ್ನೊಂದು ಕೈ ಗೈಡ್ ಮನೆಯಲ್ಲಿ. ಅವರನ್ನು ಕೇಳಲು ಮುಜುಗರ. ರಾತ್ರಿ ವಾಚ್‌ಮನ್‌ಗೆ ಫೋನ್ ಮಾಡಿದೆ.

"ಬೀಗ ನನ್ ಹತ್ರ ಇಲ್ಲ ಸಾರ್. ಕಾರಿಡಾರಲ್ಲಿ ಮೇನ್ ಐತೆ, ಬೇಕಾದ್ರೆ ಅದನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡ್ಲಾ?"

ನಾನು ನಕ್ಕೆ. "ಅದರಿಂದ ಏನೂ ಆಗಲ್ಲ ಅಣ್ಣ, ಕಂಪ್ಯೂಟರ್ ಫ್ಯಾನ್ ಅಲ್ಲ" ಅಂದೆ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಶನಿವಾರ ಬೆಳಗಿನ ಬಸ್ಸು ಹತ್ತಿ ಹೋಗಿ, ಗೈಡ್ ಮನೆಯಲ್ಲಿ ಬೀಗದ ಕೈ ಇಸಿದುಕೊಂಡು, ಲ್ಯಾಬ್ ಬಾಗಿಲು ತೆಗೆದು, ಒಂದು ಬಟನ್ ಒತ್ತಿದೆ. ಅಷ್ಟೇ ಕೆಲಸ. ಆರು ದಿನದ ಲೆಕ್ಕ ಮತ್ತೆ ಮೊದಲಿಂದ, ಯಾಕೆಂದರೆ ನಿಂತಲ್ಲಿಂದ ಮುಂದುವರಿಸಲು ಬೇಕಾದ ಚೆಕ್‌ಪಾಯಿಂಟ್ ಫೈಲ್ ಉಳಿಸುವ ಸಾಲನ್ನೂ ನಾನು ಬರೆದಿರಲಿಲ್ಲ. ವಾಪಸ್ ಬರುವ ಬಸ್ಸಿನ ತುಂಬಾ ನಮ್ಮೂರಿನ ಶನಿಮಹಾತ್ಮನ ದೇವಸ್ಥಾನಕ್ಕೆ ಹೊರಟವರು. ಮಧುಗಿರಿವರೆಗೆ ನಿಂತೇ ಬಂದೆ. ಪಕ್ಕದಲ್ಲಿದ್ದ ಅಜ್ಜಿ "ನಿಂಗೂ ಶನಿ ಐತಾ ಮಗ?" ಅಂತ ಕೇಳಿದರು. ಹೂಂ ಅಂದೆ.

ಮುಂದಿನ ವಾರ ಕಂಪ್ಯೂಟರ್ ಸೆಂಟರಿನ ಟೆಕ್ನಿಷಿಯನ್‌ಗೆ ಈ ಕಥೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು. "ಬಯಾಸ್‌ನಲ್ಲಿ ಎಸಿ ರಿಕವರಿ ಆನ್ ಮಾಡಿರ್ಲಿಲ್ವಾ?"

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು ಅನ್ನೋದನ್ನು ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಮೊದಲೇ ಹೇಳಿಡಬಹುದು. ಅದು ವಿಂಡೋಸ್ ಒಳಗೆ ಇರುವುದಿಲ್ಲ, ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗಿಂತ ಮುಂಚೆ ಏಳುವ ಸಣ್ಣ ಪ್ರೋಗ್ರಾಂನಲ್ಲಿ ಇರುತ್ತದೆ. ಆನ್ ಮಾಡಿದ ತಕ್ಷಣ ಡೆಲ್ ಆದರೆ ಎಫ್2, ಎಚ್‌ಪಿ ಆದರೆ ಎಫ್10, ಅಸೆಂಬಲ್ಡ್ ಆದರೆ ಸಾಮಾನ್ಯವಾಗಿ ಡಿಲೀಟ್ ಒತ್ತಿದರೆ ಒಳಗೆ ಹೋಗಬಹುದು. ಪವರ್ ಅನ್ನುವ ಭಾಗದಲ್ಲಿ ಡೆಲ್‌ನವರು ಅದನ್ನು ಎಸಿ ರಿಕವರಿ ಅಂತಾರೆ, ಎಚ್‌ಪಿಯವರು ಆಫ್ಟರ್ ಪವರ್ ಲಾಸ್ ಅಂತಾರೆ. ಮೂರು ಆಯ್ಕೆ ಇರುತ್ತವೆ: ಆಫ್ ಆಗಿಯೇ ಇರು, ಆನ್ ಆಗು, ಮೊದಲು ಹೇಗಿದ್ದೆಯೋ ಹಾಗಿರು. ನನ್ನದು ಮೊದಲನೆಯದರಲ್ಲಿತ್ತು. ಮೂರನೆಯದೂ ಸಾಲದು. ನೀವೇ ಕೈತಪ್ಪಿ ಶಟ್‌ಡೌನ್ ಒತ್ತಿದ್ದರೆ, "ಮೊದಲು ಆಫ್ ಇದ್ದೆ" ಅಂತ ಅದು ಆಫ್ ಆಗಿಯೇ ಇರುತ್ತದೆ. ಎರಡನೆಯದನ್ನೇ ಇಡಿ. ಆಗ ಕರೆಂಟ್ ಬಂದ ಕೂಡಲೇ ಮಷೀನ್ ತಾನೇ ಏಳುತ್ತದೆ. ಎರಡು ನಿಮಿಷದ ಕೆಲಸ. ಹದಿನೈದು ದಿನ ವಿಡಿಯೋ ನೋಡಿದವನಿಗೆ ಈ ಎರಡು ನಿಮಿಷ ಗೊತ್ತಿರಲಿಲ್ಲ.

ಅದನ್ನು ಇಟ್ಟ ಮೇಲೆ ಒಂದು ರಾತ್ರಿ ಮನೆಯಿಂದ ರೀಸ್ಟಾರ್ಟ್ ಬದಲು ಶಟ್‌ಡೌನ್ ಒತ್ತಿಬಿಟ್ಟೆ. ವಾಚ್‌ಮನ್‌ಗೆ ಫೋನ್ ಮಾಡಿ, "ಅಣ್ಣ, ಆ ಮೇನ್ ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?" ಅಂದೆ.

"ಅವತ್ತು ಏನೂ ಆಗಲ್ಲ ಅಂದ್ರಲ್ಲ ಸಾರ್?"

ಎರಡು ನಿಮಿಷಕ್ಕೆ ಮಷೀನ್ ಆನ್‌ಲೈನ್ ಬಂತು.

ಹಾಗಾಗಿ ಯಾವ ಸಾಫ್ಟ್‌ವೇರ್ ಅನ್ನೋದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಕೆಲಸಕ್ಕೆ ಎಲ್ಲವೂ ನಡೆಯುತ್ತವೆ. ಆ ಮಷೀನ್ ಎದ್ದಿರುತ್ತದಾ, ಬಿದ್ದರೆ ಯಾರು ಎಬ್ಬಿಸುತ್ತಾರೆ, ಅದನ್ನು ಮೊದಲು ನೋಡಿ. ವಿಂಡೋಸ್‌ನಲ್ಲಿ ಸ್ಲೀಪ್ ಅನ್ನು ನೆವರ್ ಅಂತ ಮಾಡಿ. ದೊಡ್ಡ ಲೆಕ್ಕ ಓಡಿಸುವ ಮುಂಚೆ ಅಪ್‌ಡೇಟನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಿ, ಇಲ್ಲದಿದ್ದರೆ ಅದೇ ನಡುರಾತ್ರಿ ರೀಸ್ಟಾರ್ಟ್ ಮಾಡಿಕೊಳ್ಳುತ್ತದೆ.

ನಿಮ್ಮ ಲ್ಯಾಪ್‌ಟಾಪ್ ವಿಂಡೋಸ್ ಹೋಮ್ ಅನ್ನೋ ಚಿಂತೆ ಬಿಡಿ. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪಿಗೆ ಲ್ಯಾಬಿನ ಮಷೀನಿನಲ್ಲಿ ವಿಂಡೋಸ್‌ನ ಪ್ರೊ ಅಥವಾ ಎಜುಕೇಶನ್ ಆವೃತ್ತಿ ಇದ್ದರೆ ಸಾಕು, ನೋಡುವ ಕಡೆ ಹೋಮ್ ಆದರೂ ನಡೆಯುತ್ತದೆ. ಆದರೆ ಅದಕ್ಕೆ ಕ್ಯಾಂಪಸ್ಸಿನ ವಿಪಿಎನ್ ಬೇಕು, ಅಂದರೆ ಮನೆಯಿಂದಲೇ ಕ್ಯಾಂಪಸ್ ನೆಟ್‌ವರ್ಕಿನ ಒಳಗೆ ಸೇರಿಸುವ ಸುರಕ್ಷಿತ ದಾರಿ. ಮಷೀನಿನ ಐಪಿ 10 ಅಥವಾ 192.168 ಅಂತ ಶುರುವಾದರೆ ಅದು ಕ್ಯಾಂಪಸ್ ಒಳಗಿನ ವಿಳಾಸ, ಮನೆಯಿಂದ ಹಾಕಿದರೆ ಎಲ್ಲಿಗೂ ಹೋಗುವುದಿಲ್ಲ. ವಿಪಿಎನ್ ಇಲ್ಲ ಅಂತ ಯಾರಾದರೂ ಜಾಣರು ರಿಮೋಟ್ ಡೆಸ್ಕ್‌ಟಾಪಿನ ಬಾಗಿಲಾದ 3389 ಪೋರ್ಟನ್ನು ಇಂಟರ್ನೆಟ್ಟಿಗೆ ತೆರೆದುಕೊಡುತ್ತೇನೆ ಅಂದರೆ ಒಪ್ಪಲೇಬೇಡಿ. ತೆರೆದ ಆ ಬಾಗಿಲನ್ನು ಹುಡುಕಿಕೊಂಡು ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 2019ರಲ್ಲಿ ಬ್ಲೂಕೀಪ್ ಅನ್ನೋ ದೋಷ ಬಯಲಾದಾಗ ಹಳೆಯ ವಿಂಡೋಸ್‌ಗಳಿಗೆ ಪಾಸ್‌ವರ್ಡ್ ಇಲ್ಲದೆಯೇ ನುಗ್ಗಬಹುದಿತ್ತು. ವಿಪಿಎನ್ ಸಿಗದಿದ್ದರೆ ಕ್ರೋಮ್‌ನದೇ ಹಾಕಿ, ಆದರೆ ಗೈಡ್‌ಗೂ ಕಂಪ್ಯೂಟರ್ ಸೆಂಟರಿಗೂ ಹೇಳಿ ಹಾಕಿ. ಪಿನ್ ಹುಟ್ಟಿದ ದಿನಾಂಕ ಬೇಡ.

ಇನ್ನೊಂದು, ವಿಂಡೋಸ್‌ನದರಲ್ಲಿ ಕೆಲಸ ಮುಗಿದ ಮೇಲೆ ಡಿಸ್‌ಕನೆಕ್ಟ್ ಮಾಡಿ, ಸೈನ್ ಔಟ್ ಅಲ್ಲ. ಸೈನ್ ಔಟ್ ಮಾಡಿದರೆ ತೆರೆದಿದ್ದ ಪ್ರೋಗ್ರಾಂಗಳೆಲ್ಲ ಮುಚ್ಚಿಹೋಗುತ್ತವೆ.

ಬರೀ ಥೀಸಿಸ್ ಟೈಪ್ ಮಾಡಲು ಇದೆಲ್ಲ ಬೇಕಾಗಿದ್ದರೆ ಸುಮ್ನೆ ಫೈಲ್ ಮನೆಗೆ ತನ್ನಿ. ಹಳ್ಳಿಯ ನೆಟ್‌ವರ್ಕಿನಲ್ಲಿ ಒತ್ತಿದ ಅಕ್ಷರ ಒಂದು ಸೆಕೆಂಡ್ ಬಿಟ್ಟು ಕಾಣುತ್ತದೆ, ತಲೆ ಕೆಡುತ್ತದೆ.

ಊರಿಗೆ ಹೊರಡುವ ದಿನ ಮಷೀನನ್ನು ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಹತ್ತು ಸೆಕೆಂಡ್ ಬಿಟ್ಟು ಚುಚ್ಚಿ. ತಾನೇ ಎದ್ದರೆ ಲ್ಯಾಬಿಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಮೊಬೈಲ್ ಡೇಟಾದಲ್ಲಿ ಕನೆಕ್ಟ್ ಮಾಡಿ ನೋಡಿ. ಕ್ಯಾಂಪಸ್ ವೈಫೈನಲ್ಲಿ ನೋಡಿದರೆ ಲೆಕ್ಕಕ್ಕಿಲ್ಲ. ಅಲ್ಲೇ ಕೈಕೊಟ್ಟರೆ ಆಟೋ ಹಿಡಿದು ವಾಪಸ್ ಹೋಗಬಹುದು, ಶಿರಾ ಬಸ್ಸು ಅರ್ಧ ಗಂಟೆ ಬಿಟ್ಟು ಇನ್ನೊಂದು ಸಿಗುತ್ತದೆ.