ಕೆಲಸ ಬೇಕಾದರೆ ಪಾಲಿಗ್ರಾಫ್ ಪರೀಕ್ಷೆಗೆ ಕೂರಲೇಬೇಕೇ?

ಪ್ರಶ್ನೆ: ನನ್ನ ತಂಗಿ ಬೆಂಗಳೂರಿನ ಒಂದು ಚಿನ್ನದ ಅಂಗಡಿಯಲ್ಲಿ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಸೇರುವ ಮೊದಲು ಸುಳ್ಳು ಪತ್ತೆ ಪರೀಕ್ಷೆಗೆ ಒಪ್ಪಿಗೆ ಬರೆದುಕೊಡಬೇಕಂತೆ. ಅವಳು ಮೊದಲೇ ಅಂಜುಬುರುಕಿ. ‘ತಪ್ಪು ಮಾಡದವರಿಗೆ ಭಯವೇಕೆ’ ಎನ್ನುತ್ತಾರೆ ಮಾಲೀಕರು. ಏನು ಮಾಡುವುದು?
– ಓದುಗರೊಬ್ಬರು, ಹಾಸನ

ಉತ್ತರ: ಸಹಿ ಹಾಕುವುದು ಬೇಡ. ಪೊಲೀಸ್ ಪ್ರಕರಣಗಳಲ್ಲಿ ಈ ಯಂತ್ರದ ಮುಂದೆ ಎಷ್ಟೋ ಜನರನ್ನು ಕೂರಿಸಿದ ಮನಶ್ಶಾಸ್ತ್ರಜ್ಞೆಯಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಎದೆಗೂ ಹೊಟ್ಟೆಗೂ ಒಂದೊಂದು ಕೊಳವೆ ಸುತ್ತುತ್ತಾರೆ. ತೋಳಿಗೆ ಬಿಪಿ ಪಟ್ಟಿ, ಬೆರಳುಗಳಿಗೆ ಬೆವರನ್ನು ಅಳೆಯುವ ಲೋಹದ ಬಿಲ್ಲೆಗಳು. ಪಟ್ಟಿಗೆ ಗಾಳಿ ತುಂಬಿ ಕೆಲವು ನಿಮಿಷ ಹಾಗೆಯೇ ಬಿಟ್ಟರೆ ಕೈ ಜೋಮು ಹಿಡಿಯುತ್ತದೆ. ಅಲುಗಾಡಬಾರದು, ಕೆಮ್ಮಬಾರದು, ಎದುರಿನ ಗೋಡೆ ನೋಡುತ್ತ ‘ಹೌದು’ ಅಥವಾ ‘ಇಲ್ಲ’ ಎನ್ನಬೇಕು. ಯಂತ್ರ ದಾಖಲಿಸುವುದು ಉಸಿರು, ನಾಡಿ, ರಕ್ತದೊತ್ತಡ, ಬೆವರು ಇಷ್ಟನ್ನೇ. ಸುಳ್ಳಿಗೆಂದೇ ಮೀಸಲಾದ ಗೆರೆ ಯಾವುದೂ ಆ ನಕ್ಷೆಯಲ್ಲಿ ಇರುವುದಿಲ್ಲ.

ಹಾಗಾದರೆ ತೀರ್ಮಾನ ಎಲ್ಲಿಂದ ಬರುತ್ತದೆ? ಎರಡು ಬಗೆಯ ಪ್ರಶ್ನೆಗಳನ್ನು ಬೆರೆಸಿ ಕೇಳುತ್ತಾರೆ. ‘ಹಿಂದಿನ ಮಾಲೀಕರ ಹಣ ಕದ್ದಿದ್ದೀರಾ?’ ಎಂಬುದು ಒಂದು ಬಗೆ. ‘ನಿಮ್ಮನ್ನು ನಂಬಿದವರಿಗೆ ಎಂದಾದರೂ ಮೋಸ ಮಾಡಿದ್ದೀರಾ?’ ಎಂಬ ಮಸುಕು ಪ್ರಶ್ನೆ ಇನ್ನೊಂದು. ನಿರಪರಾಧಿಯ ಮೈ ಎರಡನೆಯದಕ್ಕೇ ಹೆಚ್ಚು ಕದಡುತ್ತದೆ ಎಂಬುದು ಲೆಕ್ಕಾಚಾರ. ಆದರೆ ಕಳ್ಳತನದ ಮಾತು ಕಿವಿಗೆ ಬಿದ್ದರೇ ಅವಮಾನದಿಂದ ಬೆವರುವ ಹುಡುಗಿಯ ಗತಿ? ಅವಳ ನಕ್ಷೆ ಕಳ್ಳಿಯ ನಕ್ಷೆಯಂತೆಯೇ ಕಾಣುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎನ್ನುತ್ತೇವೆ. ಕುಂಬಳಕಾಯಿಯನ್ನು ಕಣ್ಣಿನಿಂದಲೂ ನೋಡದವರು ಹೆಗಲು ಮುಟ್ಟಿಕೊಳ್ಳುವುದನ್ನು ನಾನು ಕಂಡಿದ್ದೇನೆ. ತಪ್ಪು ಮಾಡದವರಿಗೂ ಭಯವಿರುತ್ತದೆ ಎಂದು ಆ ಮಾಲೀಕರಿಗೆ ಹೇಳಿ.

ಇನ್ನು ಕಾನೂನು. ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಯಾರನ್ನೂ ಒತ್ತಾಯದಿಂದ ಪಾಲಿಗ್ರಾಫ್, ಮಂಪರು ಅಥವಾ ಮಿದುಳು ನಕ್ಷೆ ಪರೀಕ್ಷೆಗೆ ಒಳಪಡಿಸಬಾರದು ಎಂದು ಸಾರಿತು. ಆರೋಪಿ ತಾನಾಗಿ ಒಪ್ಪಿದರೂ ಆ ಒಪ್ಪಿಗೆ ನ್ಯಾಯಾಧೀಶರ ಮುಂದೆ ದಾಖಲಾಗಬೇಕು, ವಕೀಲರ ನೆರವು ಸಿಗಬೇಕು. ಕೊಲೆ ಆರೋಪಿಗೇ ಇಷ್ಟು ರಕ್ಷಣೆ ಇರುವಾಗ, ಬಳೆ ತೋರಿಸುವ ಕೆಲಸಕ್ಕೆ ಬಂದ ಹುಡುಗಿಗೆ ಇರುವುದು ಅಂಗಡಿಯವರು ಮುದ್ರಿಸಿದ ಒಂದು ಹಾಳೆ ಮಾತ್ರ. ಇದು ನನಗೆ ಸಿಟ್ಟು ತರಿಸುತ್ತದೆ. ಆ ತೀರ್ಪು ಬಂದದ್ದು ಅಪರಾಧ ತನಿಖೆಯ ಹಿನ್ನೆಲೆಯಲ್ಲಿ. ಖಾಸಗಿ ಮಾಲೀಕರು ಕೆಲಸಕ್ಕೆ ಈ ಷರತ್ತು ಹಾಕುವುದನ್ನು ನೇರವಾಗಿ ತಡೆಯುವ ಕಾಯ್ದೆ ನಮ್ಮಲ್ಲಿಲ್ಲ. ಆದ್ದರಿಂದ ಒಪ್ಪದಿದ್ದರೆ ಕೆಲಸ ಕೈತಪ್ಪಬಹುದು. ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ.

ತಂಗಿ ಬರಿದೇ ‘ಆಗುವುದಿಲ್ಲ’ ಎಂದು ಬರಬೇಕಾಗಿಲ್ಲ. ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಮತ್ತು ಪರಿಚಿತರಿಬ್ಬರ ಶಿಫಾರಸು ಪತ್ರ ಕೊಡುತ್ತೇನೆ, ದಿನವೂ ಅಂಗಡಿ ಮುಚ್ಚುವಾಗ ಒಡವೆ ಎಣಿಸಿ ಸಹಿ ಹಾಕುತ್ತೇನೆ ಎನ್ನಲಿ. ಮಾಲು ಉಳಿಯುವುದು ಆ ಎಣಿಕೆಯಿಂದ.

ಪ್ರಶ್ನೆ: ಅಮೆರಿಕದಲ್ಲೇ ಹುಟ್ಟಿ ಬೆಳೆದ ನನ್ನ ಮಗ ಅಲ್ಲಿನ ಒಂದು ಗುಪ್ತಚರ ಸಂಸ್ಥೆಯ ಕೆಲಸಕ್ಕೆ ಅರ್ಜಿ ಹಾಕಿದ್ದಾನೆ. ಪಾಲಿಗ್ರಾಫ್ ಕಡ್ಡಾಯವಂತೆ. ಆ ದೇಶದಲ್ಲಿ ಇದಕ್ಕೆ ನಿಷೇಧವಿದೆ ಎಂದು ಕೇಳಿದ್ದೆ. ಮನಸ್ಸು ಶಾಂತವಾಗಿರಲು ಮಾತ್ರೆ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ನೀವು ಕೇಳಿದ್ದು ಅರ್ಧ ನಿಜ. 1988ರ ಕಾಯ್ದೆ ಅಲ್ಲಿನ ಬಹುಪಾಲು ಖಾಸಗಿ ಮಾಲೀಕರಿಗೆ ಇದನ್ನು ನಿಷೇಧಿಸಿದೆ. ಶಸ್ತ್ರಸಜ್ಜಿತ ವಾಹನದಲ್ಲಿ ಹಣ ಸಾಗಿಸುವಂಥ ಭದ್ರತಾ ಕಂಪನಿಗಳಿಗೂ ಔಷಧ ತಯಾರಕರಿಗೂ ಕೆಲವು ವಿನಾಯಿತಿಗಳಿವೆ. ಸರ್ಕಾರವಂತೂ ಪೂರ್ತಿ ಹೊರಗೆ.

ಆ ಸರ್ಕಾರಕ್ಕೆ ಅದರದೇ ವಿಜ್ಞಾನಿಗಳು ಕೊಟ್ಟ ಎಚ್ಚರಿಕೆಯನ್ನು ನೋಡಿ. ರಾಷ್ಟ್ರೀಯ ಸಂಶೋಧನಾ ಮಂಡಳಿಯ 2003ರ ವರದಿ ಒಂದು ಲೆಕ್ಕ ಕೊಟ್ಟಿತು. 10,000 ನೌಕರರಲ್ಲಿ 10 ಮಂದಿ ಗೂಢಚಾರರು ಎಂದುಕೊಳ್ಳಿ. ಅವರಲ್ಲಿ 8 ಮಂದಿಯನ್ನು ಹಿಡಿಯುವಷ್ಟು ಬಿಗಿಯಾಗಿ ಪರೀಕ್ಷೆ ನಡೆಸಿದರೆ 1,606 ಮಂದಿ ನಪಾಸಾಗುತ್ತಾರೆ. ಅಂದರೆ 1,598 ಮಂದಿ ನಿರ್ದೋಷಿಗಳು ಸಂಶಯಕ್ಕೆ ಸಿಲುಕುತ್ತಾರೆ, ಇಬ್ಬರು ಗೂಢಚಾರರು ಪಾಸಾಗಿ ಒಳಗೇ ಉಳಿಯುತ್ತಾರೆ. ಪರೀಕ್ಷೆ ಸಾಕಷ್ಟು ನಿಖರವಾಗಿದೆ ಎಂದು ಉದಾರವಾಗಿ ಒಪ್ಪಿಕೊಂಡು ಮಾಡಿದ ಲೆಕ್ಕವಿದು. ಕೊಲೆ ತನಿಖೆಯಲ್ಲಿ ಶಂಕಿತರು ನಾಲ್ಕಾರು ಮಂದಿ, ಕೇಳುವುದು ನಡೆದ ಒಂದು ಘಟನೆಯ ಬಗ್ಗೆ. ನೇಮಕಾತಿಯಲ್ಲಿ ಘಟನೆಯೇ ಇಲ್ಲ, ಬಂದವರೆಲ್ಲ ಬಹುತೇಕ ಪ್ರಾಮಾಣಿಕರು. ಹಾಗಾಗಿ ಬಲೆಗೆ ಬೀಳುವವರೂ ಪ್ರಾಮಾಣಿಕರೇ.

ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1985ರಿಂದ ಸೋವಿಯತ್ ಒಕ್ಕೂಟಕ್ಕೆ ರಹಸ್ಯ ಮಾರುತ್ತಿದ್ದ. 1986ರಲ್ಲೂ 1991ರಲ್ಲೂ ಪಾಲಿಗ್ರಾಫ್ ದಾಟಿದ. ಆತನ ಸಂಬಳಕ್ಕೆ ಮೀರಿದ ಮನೆ, ಜಾಗ್ವಾರ್ ಕಾರು ಎಲ್ಲರ ಕಣ್ಣ ಮುಂದೆಯೇ ಇದ್ದವು. ಬಂಧನವಾದದ್ದು 1994ರಲ್ಲಿ. ಅಷ್ಟರಲ್ಲಿ ಅವನು ಬಿಟ್ಟುಕೊಟ್ಟ ಹೆಸರುಗಳ ಹಲವರು ಮರಣದಂಡನೆಗೆ ಗುರಿಯಾಗಿದ್ದರು.

ಇಷ್ಟಾದರೂ ಅಲ್ಲಿನವರು ಯಂತ್ರ ಬಿಡದಿರುವುದಕ್ಕೆ ಒಂದು ಕಾರಣವಿದೆ: ಕುರ್ಚಿಯಲ್ಲಿ ಕೂತವರು ಹೆದರಿ ಬಾಯಿಬಿಡುತ್ತಾರೆ. ನಿಜವಾಗಿ ಕೆಲಸ ಮಾಡುವುದು ಪರೀಕ್ಷಕರು ನಡೆಸುವ ಮಾತುಕತೆ. ನಿಮ್ಮ ಮಗನಿಗೆ ಇದು ಗೊತ್ತಿರಲಿ. ಮಾತ್ರೆ ಖಂಡಿತ ಬೇಡ. ವಂಚಿಸುವ ಪ್ರಯತ್ನ ಎಂದು ಅವರಿಗೆ ಅನ್ನಿಸಿದರೆ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ವೈದ್ಯರು ಬರೆದುಕೊಟ್ಟ ಔಷಧವಿದ್ದರೆ ಎಂದಿನಂತೆ ತೆಗೆದುಕೊಂಡು, ಅದನ್ನು ಮೊದಲೇ ತಿಳಿಸಲಿ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಲಿ. ಕೇಳಿದ್ದಕ್ಕೆ ಅರ್ಜಿಯಲ್ಲಿ ಬರೆದ ಉತ್ತರವನ್ನೇ ಕೊಡಲಿ. ‘ಇಲ್ಲೇನೋ ತೊಂದರೆ ಕಾಣುತ್ತಿದೆ, ಇನ್ನೇನಾದರೂ ಹೇಳುವುದಿದೆಯೇ?’ ಎಂದು ಪರೀಕ್ಷಕರು ಒತ್ತಿ ಕೇಳಿದಾಗ, ಅವರನ್ನು ಸಮಾಧಾನಪಡಿಸಲು ಇಲ್ಲದ್ದನ್ನು ಸೃಷ್ಟಿಸುವುದು ಬೇಡ.

ಪ್ರಶ್ನೆ: ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲೂ ಈ ಪರೀಕ್ಷೆ ಇದೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಇಲ್ಲ. ಲಿಖಿತ ಪರೀಕ್ಷೆ, ದೇಹದಾರ್ಢ್ಯ ಮತ್ತು ಸಹಿಷ್ಣುತೆ ಪರೀಕ್ಷೆ, ವೈದ್ಯಕೀಯ ತಪಾಸಣೆ, ದಾಖಲೆಗಳ ಹಾಗೂ ಪೂರ್ವಾಪರ ಪರಿಶೀಲನೆ ಇರುತ್ತವೆ. ‘ಪಾಲಿಗ್ರಾಫ್ ತರಬೇತಿ’ ಎಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ.